ಹನ್ನೊಂದು ಸೆಕೆಂಡಿನ ಗುರುವಾರ

ನಮ್ಮ ಅಭಿಮಾನಿ ಸಂಘದ ದಪ್ಪ ನೋಟ್‌ಬುಕ್ಕಿನ ಕೊನೆಯಲ್ಲಿ ‘ತಪ್ಪುಗಳ ಪಟ್ಟಿ’ ಎಂದೊಂದು ಭಾಗವಿದೆ. ನಾವು ಚಿಕ್ಕವರಿದ್ದಾಗ ಶನಿವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ‘ಕೋಬಾಲ್ಟ್ ಪಡೆ’ ಎಂಬ ರೋಬಾಟ್ ಕಾರ್ಟೂನಿನಲ್ಲಿ ಚಿತ್ರ ಬರೆದವರು ಎಲ್ಲೆಲ್ಲಿ ಎಡವಿದ್ದಾರೆ ಎಂದು ಹುಡುಕಿ ಹುಡುಕಿ ಬರೆದಿಟ್ಟ ಪಟ್ಟಿ ಅದು. ಒಟ್ಟು ಮುನ್ನೂರ ಹನ್ನೆರಡು ತಪ್ಪುಗಳು. ಹೆಲಿಕಾಪ್ಟರ್ ಹಾರುವಾಗ ರೆಕ್ಕೆ ನಾಲ್ಕು, ಇಳಿಯುವಾಗ ಐದು. ನೀಲಿ ರೋಬಾಟು ಬಾಗಿಲು ದಾಟುವಷ್ಟರಲ್ಲಿ ಹಸಿರು. ತಲೆ ನರೆತ ಜನ ಇಂಥದ್ದಕ್ಕೆಲ್ಲ ಭಾನುವಾರಗಳನ್ನು ಸುರಿದಿದ್ದೇವೆ ಎಂದರೆ ನಿಮಗೆ ನಗು ಬರಬಹುದು. ನಗಿ, ನಮಗೇನೂ ಬೇಜಾರಿಲ್ಲ.

ಪಟ್ಟಿಯ ಮೊದಲನೆಯ ತಪ್ಪು ಹೀಗಿದೆ: ‘ಕಂತು ನಲವತ್ತೇಳು. ಗುರುವಾರನ ಬಲಗೈಯಲ್ಲಿ ಮೂರೇ ಬೆರಳು. ಎರಡನ್ನು ಬರೆಯಲು ಮರೆತಿದ್ದಾರೆ.’ ಅದು ಕೆಲ್ ಟ್ರೆಲೋರ್‌ನ ಅಕ್ಷರ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾನೆ.

ಗುರುವಾರ ಎಂಬುದು ಒಂದು ರೋಬಾಟಿನ ಹೆಸರು. ಹೌದು, ವಾರದ ದಿನವೇ. ಮಿಕ್ಕವರೆಲ್ಲ ಯುದ್ಧವಿಮಾನವಾಗಿ, ಬಂದರಿನ ಕ್ರೇನಾಗಿ, ಆಂಬುಲೆನ್ಸ್ ಹೆಲಿಕಾಪ್ಟರಾಗಿ ರೂಪ ಬದಲಿಸಿದರೆ ಇವನು ಕಸದ ಲಾರಿಯಾಗುತ್ತಾನೆ. ಅರವತ್ತೈದು ಕಂತುಗಳಲ್ಲಿ ಒಂದೇ ಒಂದರಲ್ಲಿ, ಬರೀ ಹನ್ನೊಂದು ಸೆಕೆಂಡು ಕಾಣಿಸಿಕೊಳ್ಳುತ್ತಾನೆ. ಬೀದಿಯಲ್ಲಿ ಬಿದ್ದದ್ದನ್ನೆಲ್ಲ ಬಳಿದು ಬೆನ್ನಿನ ಡಬ್ಬಕ್ಕೆ ತುಂಬಿಕೊಂಡು, ನಮ್ಮ ಕಡೆ ತಿರುಗಿ, ಬಲಗೈ ಎತ್ತಿ ತೋರಿಸಿ ಹೊರಟುಹೋಗುತ್ತಾನೆ. ಅವನ ಪಾತ್ರ ಅಷ್ಟೇ.

ಅವನನ್ನು ಹುಟ್ಟಿಸಿದವಳು ನಾನು.

ಆಗ ನನಗೆ ಒಂಬತ್ತು ವರ್ಷ. ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿಯ ಹಿಂಭಾಗದಲ್ಲಿ ಒಂದು ಸ್ಪರ್ಧೆ ಬಂದಿತ್ತು: ನಿಮ್ಮದೇ ಒಂದು ರೋಬಾಟ್ ಬರೆದು ಕಳಿಸಿ, ಗೆದ್ದರೆ ಅದು ಟಿವಿಯಲ್ಲಿ ಬರುತ್ತದೆ. ಬಣ್ಣದ ಕಡ್ಡಿಯಲ್ಲಿ ಬರೆದು ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ಒಂದು ಪ್ರಮಾಣಪತ್ರವೂ ಅದೇ ಸೀರಿಯಲ್‌ನ ಹನ್ನೆರಡು ಡಬ್ಬಿಗಳೂ ಮನೆಗೆ ಬಂದವು. ನಾನೂ ನಮ್ಮಣ್ಣ ವಾರೆನ್ನೂ ತಿಂದು ತಿಂದು ಸಾಕಾಗಿ ಉಳಿದದ್ದನ್ನು ಕೋಳಿಗಳಿಗೆ ಹಾಕಿದೆವು. ಟಿವಿಯಲ್ಲಿ ನನ್ನ ಹೆಸರು ಬರಲಿಲ್ಲ, ಪತ್ರಿಕೆಯಲ್ಲೂ ಬರಲಿಲ್ಲ. ಅಂಥ ಒಂದು ಸ್ಪರ್ಧೆ ನಡೆದಿತ್ತಂತೆ ಎಂಬುದು ಇವತ್ತಿಗೆ ಅಭಿಮಾನಿಗಳ ನಡುವೆ ಒಂದು ವದಂತಿ ಮಾತ್ರ. ಗೆದ್ದ ರೋಬಾಟು ಯಾವುದು ಎಂದು ಆಗಾಗ ಜಗಳವೂ ಆಗುತ್ತದೆ.

ಹನ್ನೊಂದು ವರ್ಷದ ಹಿಂದೆ ಸಂಘದ ಸಭೆಗೆ ಮೊದಲ ಸಲ ಹೋದಾಗ ಆ ಪ್ರಮಾಣಪತ್ರ ನನ್ನ ಚೀಲದಲ್ಲೇ ಇತ್ತು. ತೋರಿಸಿ ಮೆರೆಯೋಣ ಎಂದೇ ಹೋಗಿದ್ದೆ. ನಾನು ಕೋಟು ಬಿಚ್ಚುವಷ್ಟರಲ್ಲಿ ಕೆಲ್ ಎದ್ದು ನಿಂತು, ಕೋಬಾಲ್ಟ್ ಪಡೆಯಲ್ಲೇ ಅತಿ ದರಿದ್ರ ರೋಬಾಟು ಯಾವುದು ಎಂದು ಭಾಷಣ ಶುರು ಮಾಡಿದ್ದ.

“ಕಸದ ಲಾರಿ! ಅದಕ್ಕೆ ಹೆಸರು ಗುರುವಾರ! ಬುಧವಾರ ಯಾಕಾಗ್ಬಾರ್ದಿತ್ತು, ಕೇಳ್ತೀನಿ. ಬೆರಳು ಬರೆಯೋಕೂ ಸೋಮಾರಿತನ. ಇದನ್ನ ಬರೆದವನು ಒಂದು ಕೈಲಿ ಸ್ಯಾಂಡ್‌ವಿಚ್ ತಿಂತಾ ಬರೆದಿರ್ಬೇಕು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕು ಚೀಲದ ಜಿಪ್ಪು ಎಳೆದುಬಿಟ್ಟೆ. ಅವತ್ತು ಹೇಳದೇ ಇದ್ದದ್ದನ್ನು ಮುಂದಿನ ತಿಂಗಳು ಹೇಳುವುದು ಇನ್ನೂ ಕಷ್ಟ, ಮುಂದಿನ ವರ್ಷವಂತೂ ಸಾಧ್ಯವೇ ಇಲ್ಲ. ನಾನು ಶಾಲೆಯ ಬಸ್ಸು ಓಡಿಸುವವಳು. ನಲವತ್ತು ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುತ್ತೇನೆ. ಆದರೆ ಈ ಒಂದು ವಿಷಯದಲ್ಲಿ ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಕೆಲ್ ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗದಕೈ ಕತ್ತರಿಸುವ ಕೆಲಸ. ನನ್ನ ಮನೆಯ ಬೀಗ ಕೈಕೊಟ್ಟಾಗ ಮಳೆಯಲ್ಲಿ ಓಡಿಬಂದವನು ಅವನೇ. ಅವನ ರೋಗವೆಂದರೆ ತಪ್ಪು ಕಂಡರೆ ಸುಮ್ಮನಿರಲಾರ. ಹೋಟೆಲಿನ ತಿಂಡಿಪಟ್ಟಿಯಿಂದ ಹಿಡಿದು ಪಾದ್ರಿಯ ಉಪದೇಶದವರೆಗೆ ಎಲ್ಲವನ್ನೂ ತಿದ್ದುತ್ತಾನೆ.

ಈ ಜುಲೈ ಮೊದಲ ಭಾನುವಾರ ಎಂದಿನಂತೆ ನಮ್ಮ ಬರ್ನಿ ಊರಿನ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಸೇರಿದ್ದೆವು. ಸಮುದ್ರದ ಕಡೆಯಿಂದ ಕಿಟಕಿ ಅಲುಗುವಷ್ಟು ಗಾಳಿ. ಕ್ಲಬ್ಬಿನ ಮುಂಭಾಗದ ಬಾರಿನಲ್ಲಿ, ಗೆದ್ದವರಿಗೆ ಮಾಂಸದ ತಟ್ಟೆ ಕೊಡುವ ಲಾಟರಿಗೆ ನಂಬರು ಕೂಗುತ್ತಿದ್ದರು. ನಾವು ಆರೇ ಜನ: ನಾನು, ಕೆಲ್, ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಸಮೋವಾದ ಮಸಿನಾ, ಬಂದರಿನಲ್ಲಿ ಕೆಲಸ ಮಾಡುವ ಡೇಲ್ ಮತ್ತು ಡ್ವೇನ್ ಎಂಬ ಅವಳಿಗಳು, ಮತ್ತೆ ನಮ್ಮ ಅಧ್ಯಕ್ಷ ಡೆಸ್. ಡೆಸ್ ನಿವೃತ್ತ ಗಣಿತದ ಮೇಷ್ಟ್ರು. ಕೆಲ್‌ಗೂ ಅವಳಿಗಳಿಗೂ ಪಾಠ ಹೇಳಿದವರು, ಹಾಗಾಗಿ ನಮಗೆಲ್ಲ ಅವರು ಮೇಷ್ಟ್ರೇ. ಮೇಜಿನ ಮೇಲೆ ಮಸಿನಾ ಮಾಡಿ ತಂದ, ಸ್ಕ್ಯಾಲಪ್ ಎಂಬ ಚಿಪ್ಪುಮೀನು ತುಂಬಿದ ಪೈಗಳು ಹಬೆಯಾಡುತ್ತಿದ್ದವು.

ಅವತ್ತಿನ ವಿಷಯ ದೊಡ್ಡದು. ಕೋಬಾಲ್ಟ್ ಪಡೆಯ ಸಿನಿಮಾಗಳು ಎರಡು ಬಂದಿವೆ. ಮೂರನೆಯದು ತಯಾರಾಗುತ್ತಿದೆ, ಅದೇ ಕೊನೆಯದು. ಅದರಲ್ಲಿ ಹಳೆಯ ಯಾವ ಪಾತ್ರ ಬರಬೇಕು ಎಂದು ಪ್ರತಿ ಅಭಿಮಾನಿ ಸಂಘವೂ ಒಂದೊಂದು ಹೆಸರು ಕಳಿಸಬೇಕೆಂದು ಸಿನಿಮಾದವರು ಕೇಳಿದ್ದರು. ಆ ಸಂಜೆ ಆರರೊಳಗೆ ನಮ್ಮ ಹೆಸರು ಹೋಗಬೇಕಿತ್ತು.

“ಸ್ಕೋರಿಯಾ ಇಲ್ದೆ ಕೊನೇ ಸಿನಿಮಾನಾ?” ಡೇಲ್ ಪೈ ಕಚ್ಚುತ್ತಲೇ ಶುರುಹಚ್ಚಿಕೊಂಡ. “ಖಳ ಅಂದ್ರೆ ಅವನೊಬ್ಬನೇ ಕಣ್ರೋ. ಮಿಕ್ಕೋರೆಲ್ಲ ಸುಮ್ನೆ ಕೂಗಾಡೋರು.”

“ನೀನೂ ಕೂಗಾಡೋನೇ, ಅದಕ್ಕೇ ನಿಂಗೆ ಗೊತ್ತು,” ಎಂದ ಡ್ವೇನ್. ಅಣ್ಣ ಪೂರ್ವ ಎಂದರೆ ಇವನು ಪಶ್ಚಿಮ. “ಅವನು ಸತ್ತಿದ್ದು ಕಂತು ಅರವತ್ಮೂರರಲ್ಲಿ. ಸತ್ತೋನು ಹೇಗೋ ಬರ್ತಾನೆ?”

“ರೋಬಾಟ್ ಸಾಯಲ್ಲ ಕಣೋ ದಡ್ಡ. ಬ್ಯಾಟರಿ ಹೋಗುತ್ತೆ ಅಷ್ಟೇ.”

“ಎರಡು ಸಿನಿಮಾ ನೋಡ್ದೆ,” ಮಸಿನಾ ತಟ್ಟೆ ಸರಿಸುತ್ತ ಹೇಳಿದಳು. “ಒಬ್ಬಳಾದ್ರೂ ಹೆಣ್ಣು ರೋಬಾಟು ಇದ್ದಾಳೇನ್ರೋ? ನಮ್ಮ ಮಿಸ್ಟ್ರಲ್ ಏನ್ ಪಾಪ ಮಾಡಿದ್ಲು? ಗಾಯ ಆದೋರನ್ನ ಹೊತ್ಕೊಂಡು ಹಾರೋ ಹೆಲಿಕಾಪ್ಟರು. ಅವಳಿಲ್ದಿದ್ರೆ ನಿಮ್ಮ ನಾಯಕ ಏಳನೇ ಕಂತಲ್ಲೇ ಗುಜರಿ ಸೇರ್ತಿದ್ದ.”

“ಮಿಸ್ಟ್ರಲ್‌ಗೆ ಹಾರುವಾಗ ನಾಲ್ಕು ರೆಕ್ಕೆ, ಇಳಿಯುವಾಗ ಐದು,” ಎಂದ ಕೆಲ್.

“ನಿನ್ನ ಬಾಯಲ್ಲಿ ಹಲ್ಲೆಷ್ಟಿದೆ ಎಣಿಸ್ಕೋ, ಆಮೇಲೆ ರೆಕ್ಕೆ ಎಣಿಸು.”

“ಸಾಕು, ಚೀಟಿ ಬರೀರಿ,” ಎಂದು ಮೇಷ್ಟ್ರು ಐಸ್‌ಕ್ರೀಮಿನ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ಈ ಡಬ್ಬಿಯ ಪದ್ಧತಿ ನಮ್ಮ ಸಂಘದ್ದೇ. ಹಿಂದೊಮ್ಮೆ ಸ್ಕೋರಿಯಾನ ವಿಷಯಕ್ಕೆ ಅವಳಿಗಳು ಅಂಗಿಯ ಕಾಲರು ಹಿಡಿದಾಡಿಕೊಂಡ ಮೇಲೆ ಮೇಷ್ಟ್ರು ಇದನ್ನು ತಂದರು. ಪ್ರತಿಯೊಬ್ಬರೂ ತಮಗೆ ಬೇಕಾದ ಹೆಸರನ್ನು ಗುಟ್ಟಾಗಿ ಬರೆದು ಡಬ್ಬಿಗೆ ಹಾಕಬೇಕು. ಆಮೇಲೆ ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತಿ, ಅದರಲ್ಲಿರುವ ಹೆಸರಿನ ಪರವಾಗಿ ಮಾತಾಡಬೇಕು. ನಿಮಗೆ ಕಂಡರಾಗದ ಪಾತ್ರವೇ ಬಂದರೂ ಸರಿ, ಮೊಟ್ಟೆ ಬೇಯಿಸುವ ಮರಳುಗಡಿಯಾರ ಖಾಲಿಯಾಗುವವರೆಗೆ, ಅಂದರೆ ಮೂರು ನಿಮಿಷ, ಒಳ್ಳೆಯದನ್ನೇ ಹೇಳಬೇಕು. ನಡುವೆ ಒಂದು ಬೈಗುಳ ಬಂದರೆ ಮೇಷ್ಟ್ರು ಗಡಿಯಾರ ತಿರುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ. ಕೊನೆಗೆ ಕೈ ಎತ್ತಿ ಮತ ಹಾಕುವುದು. ಇನ್ನೊಂದು ನಿಯಮ: ಬರೆದವರ ಮುಖ ನೋಡಿ ಯಾರೂ ಕೈ ಎತ್ತಬಾರದು. ಅದಕ್ಕೇ, ಮತ ಮುಗಿಯುವ ಮೊದಲು ‘ಇದು ನಾನು ಬರೆದದ್ದು’ ಎಂದು ಬಾಯಿಬಿಟ್ಟರೆ ಆ ಚೀಟಿಯನ್ನು ಹರಿದುಹಾಕುತ್ತಾರೆ. ಆ ಹೆಸರಿನ ಕಥೆ ಅಲ್ಲಿಗೆ ಮುಗಿಯಿತು.

ಹನ್ನೊಂದು ವರ್ಷ ನಾನು ಬೇರೆ ರೋಬಾಟುಗಳ ಹೆಸರನ್ನೇ ಬರೆದು ಹಾಕಿದ್ದೆ. ಅವತ್ತು ಪೆನ್ಸಿಲು ಹಿಡಿದಾಗ ಯಾಕೋ ರೇಗಿತು. ಇದು ಕೊನೆಯ ಸಿನಿಮಾ. ಈ ಸಲ ಬಿಟ್ಟರೆ ಅವನು ಆ ಹನ್ನೊಂದು ಸೆಕೆಂಡಿನಲ್ಲೇ ಉಳಿದುಹೋಗುತ್ತಾನೆ, ಅದೂ ನಗೆಪಾಟಲಾಗಿ. ಅಕ್ಷರ ಗುರುತು ಸಿಗದ ಹಾಗೆ ಎಡಗೈಯಲ್ಲಿ ‘ಗುರುವಾರ’ ಎಂದು ಸೊಟ್ಟಗೆ ಬರೆದು ಡಬ್ಬಿಗೆ ಹಾಕಿದೆ. ನಲವತ್ತೆಂಟು ವರ್ಷದ ಹೆಂಗಸಿಗೆ ಇದೆಲ್ಲ ಬೇಕಿತ್ತೇ ಎಂದು ಅನಿಸಿದ್ದೂ ನಿಜ.

ಮೊದಲು ಮಸಿನಾ ಎತ್ತಿದಳು. ಅವಳಿಗೆ ಸ್ಕೋರಿಯಾ ಬಂದ. ಮುಖ ಸಿಂಡರಿಸಿಕೊಂಡೇ, “ಇವನು ಪುಣ್ಯಾತ್ಮ. ಇವನು ಊರು ಸುಡದಿದ್ರೆ ನಮ್ಮ ನಾಯಕನಿಗೆ ಕೆಲಸವೇ ಇರ್ತಿರಲಿಲ್ಲ, ಮನೇಲಿ ಬಿದ್ಕೊಂಡು ತುಕ್ಕು ಹಿಡೀತಿದ್ದ,” ಎಂದು ಶುರು ಮಾಡಿ ಮೂರು ನಿಮಿಷ ಚೆನ್ನಾಗಿಯೇ ಎಳೆದಳು. ಡೇಲ್‌ಗೆ ಮಿಸ್ಟ್ರಲ್ ಬಂದಳು. ಹೋದ ವರ್ಷ ಬಂದರಿನಲ್ಲಿ ಅವನ ಕಾಲು ಮುರಿದಾಗ ನಿಜವಾದ ಹೆಲಿಕಾಪ್ಟರೇ ಬಂದು ಎತ್ತಿಕೊಂಡು ಹೋಗಿತ್ತು. ಅದನ್ನು ಹೇಳುತ್ತ ಹೇಳುತ್ತ ಅವನು ತನ್ನ ಖಳನನ್ನೇ ಮರೆತುಬಿಟ್ಟ.

ಆಮೇಲೆ ಕೆಲ್ ಕೈ ಹಾಕಿದ. ಚೀಟಿ ಬಿಚ್ಚಿ ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದ.

“ಯಾರಪ್ಪ ಇದು ತಮಾಷೆ ಮಾಡಿದ್ದು?”

“ಹೆಸರು ಓದಯ್ಯ,” ಎಂದರು ಮೇಷ್ಟ್ರು.

“ಗುರುವಾರ.”

ಅವಳಿಗಳು ಮೇಜು ಗುದ್ದಿ ನಕ್ಕರು. ಮಸಿನಾ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಚಹಾದ ಲೋಟದೊಳಗೆ ನೋಡುತ್ತ ಕೂತೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮೇಷ್ಟ್ರು ಗಡಿಯಾರ ತಿರುಗಿಸಿದರು. ಕೆಲ್ ಎದ್ದು ನಿಂತ. “ಗುರುವಾರ. ಒಂದು ಕಸದ ಲಾರಿ. ಗಬ್ಬುನಾತ ಹೊಡೆಯೋ...”

“ಮೊದಲಿಂದ,” ಎಂದು ಮೇಷ್ಟ್ರು ಗಡಿಯಾರ ತಿರುಗಿಸಿದರು.

“ಸರಿ, ಸರಿ. ಗುರುವಾರ. ಅವನು ಇರೋದೇ ಹನ್ನೊಂದು ಸೆಕೆಂಡು, ಅದೇ ನಮ್ಮ ಪುಣ್ಯ...”

“ಮೊದಲಿಂದ.”

“ಮೇಷ್ಟ್ರೇ, ಇದಕ್ಕಿಂತ ನಿಮ್ಮ ಬೀಜಗಣಿತವೇ ವಾಸಿ!”

“ಅದರ ಪರೀಕ್ಷೆಗೂ ನೀನು ಮೂರು ಸಲ ಕೂತವನೇ. ಮಾತಾಡು.”

ಮರಳು ಇಳಿಯುತ್ತಿತ್ತು. ಕೆಲ್ ಕಿಟಕಿಯ ಕಡೆ ನೋಡಿಕೊಂಡು ನಿಧಾನಕ್ಕೆ ಶುರು ಮಾಡಿದ.

“ಎರಡು ಸಿನಿಮಾದಲ್ಲಿ ನಮ್ಮೋರು ಎಷ್ಟು ಊರು ಪುಡಿ ಮಾಡಿದ್ದಾರೆ? ಏಳು. ನಾನು ಎಣಿಸಿದೀನಿ. ಹೊಡೆದಾಡಿ, ಗೆದ್ದು, ಹಾರಿ ಹೋಗ್ತಾರೆ. ಆಮೇಲೆ ಅದನ್ನ ಬಳಿಯೋರು ಯಾರು? ಅರವತ್ತೈದು ಕಂತಲ್ಲಿ ಆ ಕೆಲಸ ಮಾಡಿದೋನು ಒಬ್ಬನೇ. ಇವನು.” ಚೀಟಿಯನ್ನು ಮೇಜಿನ ಮೇಲಿಟ್ಟ. “ನಮ್ಮಪ್ಪನೂ ಅದೇ ಕೆಲಸ ಮಾಡ್ತಿದ್ರು.”

ನಗುತ್ತಿದ್ದವರು ನಿಲ್ಲಿಸಿದರು. “ನಿಮ್ಮಪ್ಪ ಪುರಸಭೆ ಕೌನ್ಸಿಲ್‌ನಲ್ಲಿದ್ರು ಅಂತಿದ್ದೆ?” ಎಂದ ಡ್ವೇನ್.

“ಕೌನ್ಸಿಲ್ಲೇ. ಕಸದ ಲಾರಿ. ಇಪ್ಪತ್ತಾರು ವರ್ಷ ಲಾರಿ ಹಿಂದೆ ಓಡಿದ್ರು, ತಗಡಿನ ಡಬ್ಬಿ ಹೆಗಲ ಮೇಲೆ ಹೊತ್ಕೊಂಡು. ಶಾಲೇಲಿ ಹುಡುಗರು ನನ್ನ ಕಂಡ್ರೆ ಮೂಗು ಹಿಡ್ಕೊಳ್ಳೋರು. ಅದಕ್ಕೇ ನಾನು ಕೌನ್ಸಿಲ್ ಅಂತ ಹೇಳೋದು ಕಲ್ತೆ. ಅಪ್ಪ ಹುಡುಗರಾಗಿದ್ದಾಗ ಮರ ಕಡಿಯೋ ಪಂದ್ಯಕ್ಕೆ ಅಭ್ಯಾಸ ಮಾಡ್ತಾ ಕೊಡಲಿಗೆ ಎರಡು ಬೆರಳು ಕಳ್ಕೊಂಡಿದ್ರು. ಆ ಶನಿವಾರ ಬೆಳಿಗ್ಗೆ ನನ್ನ ಪಕ್ಕದಲ್ಲೇ ಕೂತು ಚಹಾ ಕುಡೀತಿದ್ರು. ಕಂತು ನಲವತ್ತೇಳು. ಈ ಗುರುವಾರ ಬಂದು ಕೈ ಎತ್ತಿದ ನೋಡಿ, ಅಪ್ಪ ಎದ್ದು ಹೋಗಿ ಟಿವಿ ಗಾಜಿನ ಮೇಲೆ ತಮ್ಮ ಕೈ ಇಟ್ರು. ‘ನೋಡೋ ಕೆಲ್, ಇವನಿಗೂ ನನ್ನ ಹಾಗೇ ಮೂರೇ’ ಅಂದ್ರು. ಅಷ್ಟು ಖುಷಿಯಾಗಿ ನಾನು ಅವರನ್ನ ಯಾವತ್ತೂ ನೋಡಿರ್ಲಿಲ್ಲ.”

ಮರಳು ಪೂರ್ತಿ ಇಳಿದುಹೋಗಿತ್ತು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ.

“ನಂಗೆ ಹನ್ನೊಂದು ವರ್ಷ. ಎಲ್ಲಿ ಸೋಮವಾರ ಶಾಲೇಲಿ ಇದನ್ನೂ ಹಿಡ್ಕೊಂಡು ಆಡ್ಕೋತಾರೋ ಅಂತ ಹೆದರಿಕೆ. ‘ಅದು ತಪ್ಪು ಅಪ್ಪ, ಬರೆಯೋರು ಮರೆತಿದ್ದಾರೆ ಅಷ್ಟೇ’ ಅಂದುಬಿಟ್ಟೆ. ಅಪ್ಪ ‘ಹೌದಾ’ ಅಂತ ವಾಪಸ್ ಬಂದು ಕೂತ್ರು. ಅವತ್ತಿಂದ ನಾನು ಅದನ್ನೇ ಹೇಳ್ಕೊಂಡು ಬಂದಿದೀನಿ.” ಚೀಟಿ ಎತ್ತಿ ಅಲುಗಿಸಿದ. “ಈಗ ಇದನ್ನ ಯಾರೋ ನನ್ನ ಗೇಲಿ ಮಾಡೋಕೆ ಬರೆದಿದ್ದೀರ. ಕೆಲ್‌ಗೆ ಸಿಕ್ಕಿದ್ರೆ ಮಜಾ ಇರುತ್ತೆ ಅಂತ. ಸಿಕ್ತು. ನಕ್ಕುಬಿಡಿ.”

“ಅಮ್ಮನಾಣೆ ನಾನಲ್ಲ ಮಾರಾಯ,” ಎಂದ ಡೇಲ್. “ನಾನೂ ಅಲ್ಲ,” ಎಂದ ಡ್ವೇನ್. ಜೀವಮಾನದಲ್ಲಿ ಅವರಿಬ್ಬರೂ ಒಂದೇ ಮಾತು ಹೇಳಿದ್ದನ್ನು ಕೇಳಿದ್ದು ಅವತ್ತೇ. ಕೆಲ್ ನಂಬಲಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟನ್ನು ತೆಗೆದುಕೊಂಡ, ಕಾರಿನ ಬೀಗದಕೈಗೆ ಜೇಬು ತಡಕಿದ.

ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಆ ಬೆರಳುಗಳು ಯಾರವು ಎಂದು ಗೊತ್ತಾಯಿತು. ಸುಮ್ಮನಿದ್ದರೆ ಚೀಟಿ ಗೆಲ್ಲುತ್ತದೆ ಎಂದೂ ಗೊತ್ತಿತ್ತು. ಮಸಿನಾ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು, ಮೇಷ್ಟ್ರ ಕೈ ಅರ್ಧ ಎದ್ದಿತ್ತು. ಬಾಯಿಬಿಟ್ಟರೆ ಗುರುವಾರ ಅಲ್ಲಿಗೇ ಮುಗಿದ. ಮತ ಹಾಕಿ ಆಮೇಲೆ ಅವನ ಹಿಂದೆ ಓಡಬಹುದಿತ್ತಲ್ಲ ಎಂದು ಅಣ್ಣ ವಾರೆನ್ ಈಗಲೂ ಹಂಗಿಸುತ್ತಾನೆ. ಅವನು ಅಲ್ಲಿರಲಿಲ್ಲ. ತನ್ನನ್ನು ಗೇಲಿ ಮಾಡಿದ್ದಾರೆ ಎಂದುಕೊಂಡು ಒಬ್ಬ ಮನುಷ್ಯ ಕೋಟಿನ ತೋಳು ಹುಡುಕುತ್ತಿದ್ದಾಗ ಲೆಕ್ಕ ಹಾಕುತ್ತ ಕೂರಲು ನನ್ನಿಂದ ಆಗಲಿಲ್ಲ.

“ಕೂತ್ಕೊಳ್ಳೋ ಕೆಲ್!” ಎಂದು ಬಸ್ಸಿನಲ್ಲಿ ಕೂಗುವ ಹಾಗೆ ಕೂಗಿದೆ. “ನಾನು ಬರೆದಿದ್ದು. ಚೀಟಿನೂ ನಾನೇ ಬರೆದಿದ್ದು, ರೋಬಾಟೂ ನಾನೇ ಬರೆದಿದ್ದು.”

ಅವನು ಅರ್ಧ ಕೋಟಿನಲ್ಲೇ ನಿಂತ.

“ನಿಮ್ಮಪ್ಪನ್ನ ಜೊತೆಯವರು ಸ್ನೋ ಅಂತ ಕರೀತಿದ್ರಾ? ಬಿಳೀ ಕೂದಲು?”

“ಈಗಲೂ ಅದೇ ಹೆಸರು. ನಿಂಗೆ ಹೇಗೆ...”

ಹೇಳಿದೆ. ನಮ್ಮ ಬೀದಿಗೆ ಕಸದ ಲಾರಿ ಬರುತ್ತಿದ್ದದ್ದು ಗುರುವಾರ. ಶಾಲೆಗೆ ಹೋಗುವ ಮುಂಚೆ ನಾನು ಗೇಟಿನ ಮೇಲೆ ಹತ್ತಿ ಕೂತು ಕಾಯುತ್ತಿದ್ದೆ, ಸ್ನೋ ಡಬ್ಬಿ ಹೊತ್ತುಕೊಂಡು ಓಡುತ್ತಲೇ ಮೂರು ಬೆರಳಿನ ಕೈ ಎತ್ತಿ ತೋರಿಸುತ್ತಿದ್ದರು. ಕ್ರಿಸ್ಮಸ್ಸಿನ ವಾರ ಎಲ್ಲರ ಮನೆಯವರೂ ಡಬ್ಬಿಯ ಮೇಲೆ ಅವರಿಗೆಂದು ಬಿಯರ್ ಬಾಟಲಿ ಇಡುತ್ತಿದ್ದರು. ನಮ್ಮ ಮನೆಯಲ್ಲಿ ಅದನ್ನು ಕೈಗೆ ಕೊಡುವ ಕೆಲಸ ನನ್ನದು. ಒಂದು ಸಲ ನನ್ನನ್ನು ಎತ್ತಿ ಹಿಡಿದು ಲಾರಿ ಕಸ ನುಂಗುವುದನ್ನು ತೋರಿಸಿದ್ದರು. ಸ್ಪರ್ಧೆ ಬಂದಾಗ ನನಗೆ ಬೇರೆ ಯಾವ ರೋಬಾಟೂ ತೋಚಲೇ ಇಲ್ಲ. “ಎರಡು ಬೆರಳು ಯಾರೂ ಮರೀಲಿಲ್ಲ ಕಣೋ. ಬೇಕು ಅಂತಲೇ ಬಿಟ್ಟಿದ್ದು. ಮೂರೇ ಬೆರಳು ಅಂತ ಪಕ್ಕದಲ್ಲಿ ಬಾಣದ ಗುರುತು ಹಾಕಿ ಕಳಿಸಿದ್ದೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಚೀಟಿಯನ್ನು ಎತ್ತಿ ಎರಡಾಗಿ ಹರಿದರು.

“ಮೇಷ್ಟ್ರೇ!” ಕೆಲ್ ಕಿರುಚಿದ. “ಏನ್ ಮಾಡ್ತಿದೀರ? ಇದೊಂದ್ ಸಲ ನಿಯಮ ಬಿಡಿ!”

“ಇದೊಂದ್ ಸಲ ಬಿಟ್ರೆ ಅದು ನಿಯಮ ಅಲ್ಲಪ್ಪ. ನಂಗೂ ಬೇಜಾರಾಗ್ತಿದೆ. ಕೂತ್ಕೋ.”

ಹನ್ನೊಂದು ವರ್ಷ ಗುರುವಾರನನ್ನು ಹುಗಿದುಹಾಕಿದವನು ಅವತ್ತು ಗುರುವಾರನಿಗಾಗಿ ಹತ್ತು ನಿಮಿಷ ಮೇಷ್ಟ್ರ ಜೊತೆ ಕಾದಾಡಿದ. ಮೇಷ್ಟ್ರು ಜಗ್ಗಲಿಲ್ಲ. ಕೊನೆಗೆ ಮಿಸ್ಟ್ರಲ್‌ಗೆ ಐದು ಕೈ ಎದ್ದವು, ಅವಳ ಹೆಸರೇ ಹೋಯಿತು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ನೋವಿನ ಪಕ್ಕದಲ್ಲೇ ಎಷ್ಟೋ ವರ್ಷದಿಂದ ಇಲ್ಲದ ಒಂದು ಹಗುರವೂ ಇತ್ತು. ಎರಡು ಪೈ ತಿಂದೆ.

ಎಲ್ಲರೂ ಎದ್ದ ಮೇಲೆ ಕೆಲ್ ನೋಟ್‌ಬುಕ್ ತೆರೆದು ಪಟ್ಟಿಯ ಮೊದಲ ಸಾಲಿನ ಮೇಲೆ ಪೆನ್ನು ಇಟ್ಟ. ಹೊಡೆದುಹಾಕುತ್ತಾನೆ ಎಂದುಕೊಂಡೆ. ನನ್ನ ಮುಖ ನೋಡಿದ, ಏನೋ ಹೇಳಲು ಹೊರಟು ನುಂಗಿಕೊಂಡ, ಪೆನ್ನು ಮುಚ್ಚಿದ.

“ಮೊದಲು ಅಪ್ಪನ್ನ ನೋಡು ಬಾ. ಹೋದ ವರ್ಷದಿಂದ ನಮ್ಮನೇಲೇ ಇದ್ದಾರೆ.”

ಕೆಲ್ ತನ್ನ ಮನೆಯ ಹಿಂದೆ ಅಪ್ಪನಿಗೆಂದು ಒಂದು ಪುಟ್ಟ ಮನೆ ಕಟ್ಟಿಸಿದ್ದಾನೆ. ಎಂಬತ್ತೆರಡು ವರ್ಷದ ಸ್ನೋ ಅಲ್ಲಿ ಒಲೆಯ ಮುಂದೆ ಕಾಲು ಚಾಚಿಕೊಂಡು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ತಲೆ ಅವತ್ತಿನಷ್ಟೇ ಬೆಳ್ಳಗಿತ್ತು.

“ಅಪ್ಪ, ಇವಳು ರೋವೀನಾ. ನಮ್ಮ ಸಂಘದವಳು. ಚಿಕ್ಕವಳಿದ್ದಾಗ ಬೆಟ್ಟದ ಬೀದೀಲಿದ್ಲಂತೆ.”

“ಯಾವ ಮನೆ?”

“ಹದಿನೇಳು,” ಎಂದೆ.

“ಹಸಿರು ಗೇಟು. ರಾತ್ರಿ ಪಾಸಮ್ ಪ್ರಾಣಿ ಬಂದು ಡಬ್ಬಿ ಕೆದಕಬಾರ್ದು ಅಂತ ಮುಚ್ಚಳದ ಮೇಲೆ ಕಲ್ಲು ಇಡ್ತಿದ್ರಿ. ಆ ಕಲ್ಲು ಎರಡು ಸಲ ನನ್ನ ಕಾಲ ಮೇಲೆ ಬಿದ್ದಿದೆ.” ನನ್ನನ್ನು ದಿಟ್ಟಿಸಿದರು. “ಬಾಟಲಿ ತಬ್ಕೊಂಡು ಬರ್ತಿದ್ದ ಮಗು! ಕೊಡೋವ್ರೆಗೂ ಬೀಳಿಸ್ತೀಯೇನೋ ಅಂತ ನಂಗೆ ಜೀವ ಹೋಗ್ತಿತ್ತು. ನಿನಗಾಗಿ ಅಲ್ಲ, ಬಿಯರ್‌ಗಾಗಿ.”

ಕೆಲ್ ತನ್ನ ಫೋನಿನಲ್ಲಿ ಗುರುವಾರ ಕೈ ಎತ್ತಿದ ಚಿತ್ರ ತೆಗೆದುಕೊಟ್ಟ. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮುದುಕ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಹಾಗಾದ್ರೆ ಇದು ನಾನೇ.”

“ನೀವೇ.”

“ಇದು ಅವನ ಬಲಗೈ ಅಲ್ವೇನಮ್ಮ?” ಎಂದು ತಮ್ಮ ಕೈ ಎತ್ತಿದರು. ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. ಎತ್ತಿದ್ದು ಎಡಗೈ.

ಗೇಟಿನ ಮೇಲೆ ಕೂತಿದ್ದ ಹುಡುಗಿಗೆ ಎದುರಿನವರ ಎಡಗೈ ತನ್ನ ಬಲಗಡೆಗೇ ಕಂಡಿತ್ತು. ಕಂಡ ಹಾಗೆ ಬಲಗೈ ಎಂದು ಬರೆದುಬಿಟ್ಟಿದ್ದಳು. ತಪ್ಪು ಇತ್ತು, ನನ್ನದೇ. ಕೆಲ್ ಕಡೆ ತಿರುಗಿದೆ. ಅವನು ಮಾಡಿನ ಕಡೆ ನೋಡುತ್ತ ನಿಂತಿದ್ದ.

“ನಿಂಗೆ ಗೊತ್ತಿತ್ತು!”

“ಮೂವತ್ತೊಂಬತ್ತು ವರ್ಷದಿಂದ.”

“ಕ್ಲಬ್ಬಲ್ಲೇ ಯಾಕೆ ಹೇಳ್ಲಿಲ್ವೋ?”

“ನೀನು ಅಷ್ಟು ಖುಷಿಯಾಗಿದ್ದೆ ಕಣೇ,” ಎಂದು ಗೊಣಗಿದ. “ಒಂದ್ ಸಲ ಹೇಳಿ ನೋಡಿದೀನಿ. ಇನ್ನೊಂದ್ ಸಲ ಬಾಯಿ ಬರ್ಲಿಲ್ಲ.”

ಪಾದ್ರಿಯನ್ನೂ ಬಿಡದ ಕೆಲ್, ಕ್ಲಬ್ಬಿನಿಂದ ಮನೆಯವರೆಗೆ ಇಷ್ಟು ದೊಡ್ಡ ತಪ್ಪನ್ನು ಬಾಯಲ್ಲಿಟ್ಟುಕೊಂಡು ಕಾರು ಓಡಿಸಿದ್ದ. ಅವನಿಗೆ ಒಂದು ಗುದ್ದಬೇಕೋ ಅವನನ್ನು ಅಪ್ಪಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

“ಅದರಲ್ಲಿ ತಪ್ಪೇನಿದೆ?” ಸ್ನೋ ಕುರ್ಚಿಯ ಕೈ ಹಿಡಿದು ಎದ್ದರು. “ಬಾ ಇಲ್ಲಿ, ನನ್ನೆದುರು ನಿಂತ್ಕೋ. ಬಲಗೈ ಎತ್ತು, ಅವನ ಹಾಗೆ. ಆ ಎರಡು ಬೆರಳು ಮಡಚು.”

ಮಡಚಿದೆ. ಅವರು ತಮ್ಮ ಎಡಗೈಯನ್ನು ನನ್ನ ಅಂಗೈಗೆ ಒತ್ತಿದರು. ಹೆಬ್ಬೆರಳಿಗೆ ಹೆಬ್ಬೆರಳು, ಮಿಕ್ಕ ಎರಡಕ್ಕೆ ಎರಡು. ಅವರ ಕೈ ಒರಟಾಗಿತ್ತು, ಬೆಚ್ಚಗಿತ್ತು.

“ಅವತ್ತು ಗಾಜಿನ ಮೇಲೆ ಇಟ್ಟಾಗಲೂ ಹೀಗೇ ಕೂತಿತ್ತು,” ಎಂದರು. “ನೀನು ಸರಿಯಾದ ಕೈ ಬರೆದಿದ್ರೆ ಕೂರ್ತಾ ಇರ್ಲಿಲ್ಲ.”

ಕೆಲ್ ಚಹಾಕ್ಕೆ ನೀರಿಡುತ್ತೇನೆಂದು ಒಲೆಯ ಕಡೆ ತಿರುಗಿದ. ನೀರು ಕುದಿದು ಸಾಕಾದರೂ ಈ ಕಡೆ ತಿರುಗಲಿಲ್ಲ. ನಾವಿಬ್ಬರೂ ಅವನನ್ನು ಕರೆಯಲಿಲ್ಲ.

ಪಟ್ಟಿಯ ಮೊದಲ ಸಾಲನ್ನು ಅವನು ಆಗಸ್ಟಿನ ಸಭೆಯಲ್ಲಿ ತಿದ್ದಿದ. ‘ಕಂತು ನಲವತ್ತೇಳು. ಗುರುವಾರನ ಬಲಗೈಯಲ್ಲಿ ಮೂರೇ ಬೆರಳು’ ಎಂಬುದು ಹಾಗೇ ಇದೆ. ಮುಂದಿನದನ್ನು ಹೊಡೆದುಹಾಕಿ ‘ಇರಬೇಕಾದಷ್ಟೇ ಇವೆ’ ಎಂದು ಬರೆದಿದ್ದಾನೆ. ಕೆಳಗಿನ ಎರಡು ಗೆರೆಗಳನ್ನು ಅಳಿಸಿಲ್ಲ.